ಗೈಡಿನಲ್ಲಿಲ್ಲದ ಮಗಳು

ನಮ್ಮೂರಿನಲ್ಲಿ ಪಠ್ಯಕ್ಕೆ ಹೊಸ ನಾಟಕ ಬಂತೆಂದರೆ ಮೊದಲು ಖುಷಿಪಡುವವರು ಮನೆ ಬಾಡಿಗೆಗೆ ಕೊಡುವವರು. ಪುಸ್ತಕ ಅಂಗಡಿಗೆ ಬರುವ ಮೊದಲೇ ಅದರ ಪಾತ್ರಗಳು ಗಂಟುಮೂಟೆ ಕಟ್ಟಿಕೊಂಡು ಬಸ್ಸಿನಿಂದ ಇಳಿದಿರುತ್ತವೆ. ನಗೆನಾಟಕದವರಾದರೆ ಚಿಂತೆಯಿಲ್ಲ, ಓಣಿಯವರೊಂದಿಗೆ ಹೊಂದಿಕೊಂಡು ಹೋಗುತ್ತಾರೆ. ದುರಂತ ನಾಟಕದವರು ಬಂದರೆ ಮಾತ್ರ ಮನೆಮಾಲೀಕರು, “ಬಾವಿ ಇರೂ ಮನಿ ಖಾಲಿ ಇಲ್ರಿ, ಮಾಳಿಗಿ ಮನೀನೂ ಇಲ್ರಿ,” ಎಂದು ಮೊದಲೇ ಹೇಳಿಬಿಡುತ್ತಾರೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹೆಸರು ಸುಲೋಚನಾ, ಆದರೆ ಊರಿಗೆಲ್ಲ ಅಕ್ಕೋರು. ಹನ್ನೊಂದು ವರ್ಷದ ಹಿಂದೆ ಹತ್ತನೆಯ ತರಗತಿಗೆ ‘ಕೆಂಪು ಕೋಟಿನ ದಿಬ್ಬಣ’ ಎಂಬ ದುರಂತ ನಾಟಕ ಬಂತು. ಬ್ಯಾಂಡ್ ಮೇಸ್ತ್ರಿ ಫಕೀರಪ್ಪ ಮದುವೆ ದಿಬ್ಬಣಗಳಲ್ಲಿ ಕ್ಲಾರಿನೆಟ್ ಊದುವವ. ಎದೆ ಕೆಟ್ಟಿದೆ, ಇನ್ನು ಊದಬೇಡ ಎಂದು ಡಾಕ್ಟರು ಹೇಳಿದ್ದಾರೆ, ಆಸಾಮಿ ಕೇಳುವುದಿಲ್ಲ. ಮಗಳು ಕಸ್ತೂರಿ “ನನ್ನ ಮದ್ವ್ಯಾಗ ನೀ ಊದಬ್ಯಾಡ” ಎನ್ನುತ್ತಾಳೆ. ಇವನು ಅವಮಾನವಾಯಿತೆಂದು ತಿಳಿದು ಅವಳ ದಿಬ್ಬಣದಲ್ಲೇ ಊದಿ, ಐದನೆಯ ದೃಶ್ಯದಲ್ಲಿ ಸಾಯುತ್ತಾನೆ. ಸಾಯುವುದು ಪುಸ್ತಕದಲ್ಲಿ. ಊರಿನಲ್ಲಿ ಅವನು ನನ್ನ ಮನೆಯ ಮಗ್ಗುಲ ಖೋಲಿಯಲ್ಲಿ ಕೆಂಪು ಕೋಟು ಹಾಕಿಕೊಂಡು ಬಾಡಿಗೆಗಿದ್ದ. ಮಗಳು ಎದುರು ಸಾಲಿನಲ್ಲಿ. ನಾಲ್ಕನೆಯ ದೃಶ್ಯದಿಂದ ಇಬ್ಬರಿಗೂ ಮಾತಿಲ್ಲ. ಪಾಠ ಮಾಡುವಾಗ ಅವನಿಗೆ ಏಕವಚನ, ಮನೆಗೆ ಬಂದರೆ ಬಹುವಚನ. ಇಲ್ಲಿ ಪಾಠದ ಅಭ್ಯಾಸವೇ ನಾಲಿಗೆಗೆ ಬರುತ್ತಿದೆ, ಕ್ಷಮಿಸಬೇಕು.

ನಮ್ಮ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಒಂದು ಪಾತ್ರದ ಬಗ್ಗೆ ಏನು ಬರೆಯುತ್ತಾರೋ, ಮರುದಿನ ಬೆಳಗಿನಿಂದ ಮುಂದಿನ ಪರೀಕ್ಷೆಯವರೆಗೆ ಆ ಪಾತ್ರ ಹಾಗೇ ಇರುತ್ತದೆ. ಹೆಚ್ಚು ಮಂದಿ ಬರೆದದ್ದು ಗೆಲ್ಲುತ್ತದೆ. ಹೆಚ್ಚು ಮಂದಿ ಬರೆಯುವುದು ಗೈಡಿನಲ್ಲಿ ಇದ್ದದ್ದನ್ನೇ ಎಂದು ಬೇರೆ ಹೇಳಬೇಕಿಲ್ಲ. ಆ ಗೈಡು ಬರೆದವಳು ನಾನು. ಗುಲಾಬಿ ಮುಖಪುಟದ ‘ಸುಲೋಚನಾ ಅಕ್ಕೋರ ಗೈಡು’ ಸುತ್ತ ಏಳು ಊರುಗಳಲ್ಲಿ ಸಿಗುತ್ತದೆ. ಅದರಲ್ಲಿ ಫಕೀರಪ್ಪನ ಪಾತ್ರ ಹೀಗಿದೆ: ಒಂದು, ಸ್ವಾಭಿಮಾನಿ. ಎರಡು, ಹಟಮಾರಿ. ಮೂರು, ಕಲೆಗಾಗಿ ಪ್ರಾಣವನ್ನೇ ಕೊಟ್ಟವನು. ಹತ್ತು ಅಂಕಕ್ಕೆ ಒಂದೂವರೆ ಪುಟ, ಒಂದಕ್ಷರ ಹೆಚ್ಚಿಲ್ಲ. ಮಕ್ಕಳು ಕಣ್ಣುಮುಚ್ಚಿ ಬರೆದು ಎಂಟೂವರೆ ತೆಗೆಯುತ್ತಿದ್ದರು.

ಇದರಿಂದ ಊರಿಗೆ ಆದ ತೊಂದರೆ ಅಷ್ಟಿಷ್ಟಲ್ಲ. ಸ್ವಾಭಿಮಾನಿಯಾದ್ದರಿಂದ ಫಕೀರಪ್ಪ ಯಾರ ಮನೆಯಲ್ಲೂ ಚಹಾ ಮುಟ್ಟುತ್ತಿರಲಿಲ್ಲ. “ಕೂಡ್ರಿ” ಎಂದರೆ ನಿಲ್ಲುತ್ತಿದ್ದ, “ನಿಂತೀರಲ್ಲ” ಎಂದರೆ ಹೊರಟೇಬಿಡುತ್ತಿದ್ದ. ಹಜಾಮ ಈರಪ್ಪ ಅವನ ತಲೆ ಮುಂದಕ್ಕೆ ಬಗ್ಗಿಸಲಾರದೆ ಹನ್ನೊಂದು ವರ್ಷ ಸ್ಟೂಲಿನ ಮೇಲೆ ಹತ್ತಿ ಹಿಂದಿನ ಕೂದಲು ಕತ್ತರಿಸಿದ. ಐದು ವರ್ಷದ ಹಿಂದೆ ಪ್ರೆಸ್ಸಿನವರು ಹೊಲಿಯುವಾಗ ಬೇರೆ ನಾಟಕದ ಗೈಡಿನ ಹಾಳೆ ನನ್ನ ಗೈಡಿನೊಳಗೆ ಸೇರಿಹೋಯಿತು. ‘ಕುಡಿತವೇ ಇವನ ಪತನಕ್ಕೆ ಕಾರಣ’ ಎಂದು ಮೂವತ್ತೆಂಟು ಮಕ್ಕಳು ಭಕ್ತಿಯಿಂದ ಬರೆದರು. ಜೀವಮಾನದಲ್ಲಿ ಹೆಂಡ ಮೂಸದ ಮನುಷ್ಯ ಇಡೀ ವರ್ಷ ಕುಡಿಯಬೇಕಾಯಿತು. ರುಚಿ ಸೇರದೆ, ಗ್ಲಾಸಿಗೊಂದು ಬೆಲ್ಲದ ಉಂಡೆ ಕಚ್ಚಿಕೊಂಡು, ಅಳುತ್ತಾ ಕುಡಿಯುತ್ತಿದ್ದ. ಓಣಿಯವರು ನಕ್ಕರು. ನಾನೂ ನಕ್ಕೆ. ತಪ್ಪು ನನ್ನ ಗೈಡಿನದೆಂದು ಅವನಿಗೆ ಮಾತ್ರ ಹೇಳಲಿಲ್ಲ.

ಬರೆಸಿಕೊಂಡವರ ಪಾಡು ಹೀಗಾದರೆ, ಯಾರೂ ಬರೆಯದವರ ಪಾಡು ಇನ್ನೊಂದು. ಅವರು ಸವೆಯುತ್ತಾರೆ. ನಾಟಕದ ಡಾಕ್ಟರ ಮೇಲೆ ನಾಲ್ಕು ವರ್ಷ ಪ್ರಶ್ನೆ ಬರಲಿಲ್ಲ. ಮೊದಲು ದನಿ ಹೋಯಿತು, ಆಮೇಲೆ ನೆರಳು ಹೋಯಿತು, ಒಂದು ದಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಬರೀ ಬ್ಯಾಗು ಕೂತಿತ್ತು. ಈಗ ಪೋಸ್ಟ್ ಮಾಸ್ತರರು ಅದರಲ್ಲಿ ಬುತ್ತಿ ತರುತ್ತಾರೆ.

ಕಸ್ತೂರಿಯೂ ಸವೆಯುತ್ತಿದ್ದಳು. ಪ್ರಶ್ನೆ ಪತ್ರಿಕೆಯಲ್ಲಿ ವರ್ಷವರ್ಷವೂ ಒಂದೇ ವಾಕ್ಯ: ‘ಫಕೀರಪ್ಪನ ಪಾತ್ರವನ್ನು ಅಥವಾ ಕಸ್ತೂರಿಯ ಪಾತ್ರವನ್ನು ವಿಮರ್ಶಿಸಿ.’ ಗೈಡಿನಲ್ಲಿ ಒಂದೂವರೆ ಪುಟ ಅಪ್ಪನಿಗಿತ್ತು. ಮಗಳು ‘ಇತರ ಪಾತ್ರಗಳು’ ಎಂಬಲ್ಲಿ ಒಂದೂವರೆ ಸಾಲು: ‘ಕೃತಘ್ನೆ. ತಂದೆಯ ಕಸುಬಿಗೆ ನಾಚುವವಳು.’ ಅವಳ ಬಾಯಲ್ಲಿ ಉಳಿದಿದ್ದದ್ದು ನಾಟಕದ ಎರಡೇ ಮಾತು. ಒಂದು, “ಅಪ್ಪಾ, ಊಟ ಆತೇನು?” ಇನ್ನೊಂದು, “ನನ್ನ ಮದ್ವ್ಯಾಗ ನೀ ಊದಬ್ಯಾಡ.” ಓಣಿಯವರು ಅದಕ್ಕೂ ಹೊಂದಿಕೊಂಡಿದ್ದರು. ಮೊದಲನೆಯದೆಂದರೆ ‘ಹೌದು’, ಎರಡನೆಯದೆಂದರೆ ‘ಬೇಡ’. ಕಾಯಿಪಲ್ಲೆಯ ದ್ಯಾಮವ್ವ “ಬದನಿಕಾಯಿ ಬೇಕೇನವಾ?” ಎಂದರೆ ಅವಳು “ನನ್ನ ಮದ್ವ್ಯಾಗ ನೀ ಊದಬ್ಯಾಡ” ಎನ್ನುವಳು, ದ್ಯಾಮವ್ವ ಬುಟ್ಟಿ ಎತ್ತಿಕೊಂಡು ಮುಂದೆ ಹೋಗುವಳು. ಕೆಲವೊಮ್ಮೆ ದ್ಯಾಮವ್ವ ಕೇಳಿಸಿದರೂ ಕೇಳಿಸದವಳಂತೆ ಹುಳುಕು ಬದನೆಕಾಯಿಯನ್ನು ಅವಳ ಚೀಲಕ್ಕೆ ಸುರಿದುಬಿಡುತ್ತಿದ್ದಳು. ಕಳೆದ ವರ್ಷ ಕಸ್ತೂರಿಯ ಬಗ್ಗೆ ಬರೆದವಳು ಒಬ್ಬಳೇ, ನೀಲಾ ಕಮ್ಮಾರ. ಅದೂ ಗೈಡು ಬಾಯಿಪಾಠವಾಗದ್ದರಿಂದ, ಮೂರು ಸಾಲು. ನೀಲಾ ಫೇಲಾದಳು, ಎರಡನೆಯ ಸಲ. ಕಸ್ತೂರಿ ಹೇಗೋ ಉಳಿದಳು, ಎಣ್ಣೆ ತಾಗಿದ ಕಾಗದದ ಹಾಗೆ. ಬಿಸಿಲಿಗೆ ನಿಂತರೆ ಅವಳ ಹಿಂದಿನ ಗೋಡೆ ಕಾಣುತ್ತಿತ್ತು.

ಈ ಸಲ ಜನವರಿಯಲ್ಲಿ ಆದೇಶ ಬಂತು. ಮುಂದಿನ ವರ್ಷದಿಂದ ಈ ನಾಟಕ ಪಠ್ಯದಲ್ಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಬರೆದದ್ದು ಶಾಶ್ವತ ಎಂಬುದು ಊರಿಗೆಲ್ಲ ಗೊತ್ತು. ಹಿಂದಿನ ಪಠ್ಯದ ಜಿಪುಣ ಸಾಹುಕಾರ ಇವತ್ತಿಗೂ ಸಂಜೆಯಾದರೆ ಬೀದಿದೀಪ ಆರಿಸುತ್ತಾ ತಿರುಗುತ್ತಾನೆ. ಹೀಗಾಗಿ ನನ್ನ ಮನೆಗೆ ಅರ್ಜಿಗಳ ಸುರಿಮಳೆ. “ಅಕ್ಕೋರ, ತಲಿ ಬಗ್ಗಸ್ತಾನ ಅಂತ ಒಂದು ಸಾಲು ಬರಸ್ರಿ, ನನ್ನ ಮೊಳಕಾಲು ಹೋಗ್ಯಾವ,” ಎಂದ ಹಜಾಮ ಈರಪ್ಪ. ಕಲ್ಯಾಣ ಮಂಟಪದವರು ‘ನಿಸ್ವಾರ್ಥ ಕಲಾವಿದ’ ಎಂದು ಬರೆಸಲು ಸಿಹಿ ಡಬ್ಬಿ ಕಳಿಸಿದರು. ಡಬ್ಬಿ ತಿಂದೆ, ಮಾತು ಕೊಡಲಿಲ್ಲ. ನಮ್ಮ ಹೆಡ್‌ಮಾಸ್ತರರದು ಒಂದೇ ಮಾತು: “ಏನರ ಬರೀಲಿ, ನೂರಕ್ಕ ನೂರು ಪಾಸಾಗಬೇಕು.”

ಒಂದು ಭಾನುವಾರ ಬೆಳಿಗ್ಗೆ ಫಕೀರಪ್ಪನೇ ಬಂದ. ಸ್ವಾಭಿಮಾನಿ ಎಂದು ನಾನೇ ಬರೆಸಿದ್ದರಿಂದ ಅವನು ಯಾರನ್ನೂ ಏನನ್ನೂ ಬೇಡುವಂತಿರಲಿಲ್ಲ. ಹಾಗಾಗಿ ನನಗೆ ಬೆನ್ನು ತಿರುಗಿಸಿ, ಮೂಲೆಯಲ್ಲಿದ್ದ ಬೀಸುಕಲ್ಲಿಗೆ ಮುಖ ಮಾಡಿ ನಿಂತು, ಕಲ್ಲಿಗೆ ಹೇಳುವವನಂತೆ ಹೇಳಿದ. “ನನ್ನ ಬಗ್ಗೆ ಯಾರೂ ಬರೀಬಾರದು. ಎಲ್ಲಾರೂ ಮಗಳ ಬಗ್ಗೆ ಬರೀಬೇಕು.”

“ಹಾಗೆ ಮಾಡಿದರೆ ನಿಮ್ಮ ಗತಿ ಏನಾಗ್ತದೆ ಗೊತ್ತೇನ್ರಿ? ಡಾಕ್ಟರ ಬ್ಯಾಗು ನೋಡೀರಲ್ಲ?” ಎಂದೆ.

“ನೋಡೇನಿ. ಆಕೀ ನೆರಳು ಬೀಳಾಕತ್ತಿಲ್ಲ, ಅದನ್ನೂ ನೋಡೇನಿ.”

ಅರ್ಧ ಮಕ್ಕಳು ಅಪ್ಪನ ಬಗ್ಗೆ, ಅರ್ಧ ಮಕ್ಕಳು ಮಗಳ ಬಗ್ಗೆ ಬರೆಯಲಿ ಎಂದು ಹೇಳಿ ನೋಡಿದೆ. ಅವನು ತಲೆಯಾಡಿಸಿದ. “ಎರಡು ಹಾದಿ ತೋರಸಿದ್ರ ಹುಡುಗ್ರು ಗೈಡ್ ಇರೂ ಹಾದೀನ ಹಿಡೀತಾವ. ನನಗೂ ಎರಡು ಹಾದಿ ಇದ್ವು, ನಾನೂ ರೂಢಿ ಹಾದೀನ ಹಿಡದೆ.”

ಗೈಡು ಎಂಬ ಮಾತು ಬಂದದ್ದೇ ಐದು ವರ್ಷದಿಂದ ಮುಚ್ಚಿಟ್ಟದ್ದು ಹೊರಗೆ ಬಂತು. “ಫಕೀರಪ್ಪನವರೇ, ಆ ಕುಡಿತದ ವರ್ಷ… ಆ ತಪ್ಪಿದ ಗೈಡು ನಂದು. ನನ್ನಿಂದ ತಪ್ಪಾತು.”

“ಗೊತ್ತೈತ್ರಿ,” ಎಂದ ಕಲ್ಲಿಗೇ. “ಮುಖಪುಟದಾಗ ನಿಮ್ಮ ಫೋಟೋ ಐತಲ್ರಿ.”

ನಾಚಿಕೆಯಿಂದ ನೆಲ ನೋಡಿದೆ. ಅವನು ಹೊರಟಾಗ ಚಹಾ ಕುಡಿಯಿರಿ ಎನ್ನುವ ಧೈರ್ಯವೂ ಬರಲಿಲ್ಲ, ಎಂದರೂ ಅವನು ಕುಡಿಯುವಂತಿರಲಿಲ್ಲ.

ಮರುದಿನ ತರಗತಿಯಲ್ಲಿ ಗೈಡು ಮುಚ್ಚಿಸಿದೆ. ಕಸ್ತೂರಿಯ ಬಗ್ಗೆ ಬರೆಯಬೇಕು, ಗೈಡಿನಲ್ಲಿಲ್ಲ, ಆದ್ದರಿಂದ ನಾಟಕವನ್ನೇ ಓದಬೇಕು ಎಂದೆ. ನಲವತ್ತೆರಡು ಮಕ್ಕಳು ನಾನು ಸೀಮೆಸುಣ್ಣ ತಿನ್ನಲು ಹೇಳಿದ ಹಾಗೆ ನೋಡಿದರು. ಒಬ್ಬರ ಬಳಿಯೂ ಪುಸ್ತಕವಿರಲಿಲ್ಲ. ತಪ್ಪು ಅವರದಲ್ಲ, ಗೈಡಿದ್ದರೆ ಪುಸ್ತಕ ದಂಡ ಎಂದು ನಾನೇ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದೆ. ಕೊನೆಗೆ ಒಂದು ಪ್ರತಿ ಶಿಕ್ಷಕರ ಕೋಣೆಯಲ್ಲಿ ಸಿಕ್ಕಿತು, ನೀರಿನ ಹೂಜಿಯ ಸ್ಟ್ಯಾಂಡಿನ ಕಾಲಡಿಯಲ್ಲಿ. ತೆಗೆದ ಮೇಲೆ ಹೂಜಿ ಒಂದು ವಾರ ವಾಲಿಕೊಂಡು ನಿಂತಿತ್ತು.

ಆ ಒಂದೇ ಪುಸ್ತಕವನ್ನು ಸರದಿಯಲ್ಲಿ ಗಟ್ಟಿಯಾಗಿ ಓದಿದೆವು. ಕಸ್ತೂರಿಯ ಮಾತುಗಳನ್ನು ನೀಲಾಳಿಗೆ ಕೊಟ್ಟೆ, ಎರಡೇ ಮಾತು, ತಪ್ಪುವ ಭಯವಿಲ್ಲವೆಂದು. ಹುಡುಗಿ ಹತ್ತೊಂಬತ್ತಕ್ಕೆ ಬಂದಿದ್ದಳು, ನನ್ನ ನೋಟ್ಸನ್ನು ಮೂರನೆಯ ವರ್ಷ ಕೇಳುತ್ತಿದ್ದಳು. ಎರಡನೆಯ ದೃಶ್ಯ ಬಂತು. “ಅಪ್ಪಾ, ಊಟ ಆತೇನು?” ಎಂದು ಓದಿ ನಿಲ್ಲಿಸಿದಳು.

“ಅಕ್ಕೋರ, ಅದಕ್ಕ ಅಪ್ಪ ಏನಂತಾನ್ರಿ?”

ಪುಸ್ತಕ ನೋಡಿದೆ. ಫಕೀರಪ್ಪ ಮಗಳ ಕಡೆ ತಿರುಗುವುದೇ ಇಲ್ಲ, ಡೋಲಿನವನಿಗೆ ‘ನಾಳಿ ದಿಬ್ಬಣ ಎಷ್ಟೊತ್ತಿಗೆ?’ ಎನ್ನುತ್ತಾನೆ. “ಏನೂ ಅನ್ನಲ್ಲ,” ಎಂದೆ.

“ಹಂಗಾರ ಆತ ಉಂಡನೋ ಇಲ್ಲೋ?”

“ನಾಟಕದಲ್ಲಿ ಇಲ್ಲ.”

“ಇಷ್ಟು ವರ್ಸಾತು, ನೀವೂ ಕೇಳಿಲ್ಲೇನ್ರಿ? ನಿಮ್ಮ ಮನ್ಯಾಗ ಇರ್ತಾನಲ್ರಿ.”

ಎರಡು ಸಲ ಫೇಲಾದವಳಿಗೆ ಇಷ್ಟು ಉದ್ದ ನಾಲಿಗೆ ಬೇಡ ಎಂದು ಗದರಿಸಿದೆ. ಗದರಿಸಿದ್ದು ಉತ್ತರ ಗೊತ್ತಿರಲಿಲ್ಲವೆಂದು. ಅವಳು ಬೆದರದೆ ಆ ಪುಟದ ಕೆಳಗೆ ಬೆರಳಿಟ್ಟಳು. ಕಂಸದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ‘ಕಸ್ತೂರಿ ಸೆರಗಿನಲ್ಲಿ ಬಚ್ಚಿಟ್ಟ ಔಷಧಿ ಬಾಟಲಿಯನ್ನು ಕ್ಲಾರಿನೆಟ್ ಪೆಟ್ಟಿಗೆಯ ಹಿಂದೆ ಇಟ್ಟು ಹೋಗುತ್ತಾಳೆ.’ ಕಂಸದೊಳಗಿನದನ್ನು ಪರೀಕ್ಷೆಗೆ ಕೇಳುವುದಿಲ್ಲ. ಆದ್ದರಿಂದ ಗೈಡು ಬರೆಯುವಾಗ ನಾನು ಕಂಸಗಳನ್ನು ಓದಿರಲೇ ಇಲ್ಲ.

“ನಾಚಿಕಿ ಇದ್ದಾಕಿ ಔಷಧ ಯಾಕ ತರ್ತಾಳ್ರಿ?” ಎಂದಳು ನೀಲಾ. “ಊದಬ್ಯಾಡ ಅಂದಿದ್ದು ಆತ ಸಾಯಬಾರದು ಅಂತಲ್ರಿ?”

ಹಿಂದಿನ ಬೆಂಚಿನಿಂದ ಯಾರೋ, “ಅಕ್ಕೋರ, ಇದು ಗೈಡಿಗಿಂತ ಚಲೋ ಐತ್ರಿ,” ಎಂದರು. ಅವತ್ತು ನನಗೆ ಸಿಟ್ಟು ಬರಲಿಲ್ಲ.

ಆಮೇಲೆ ಈ ಮಕ್ಕಳನ್ನು ಹಿಡಿಯುವವರೇ ಇಲ್ಲ. ಸಂಜೆಯಾದರೆ ಐದಾರು ಮಂದಿ ಕಸ್ತೂರಿಯ ಕಟ್ಟೆಯ ಮೇಲೆ. ನೀಲಾ ಅವಳ ಜೊತೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾಲ್ಕನೆಯ ದಿನ ಬಂದು ಹೇಳಿದಳು: “ಎದುರು ಖೋಲ್ಯಾಗ ಮೇಸ್ತ್ರಿ ಕೆಮ್ಮಿದ್ರ ಆಕೀ ಕೈ ನಿಂತ್ ಬಿಡ್ತಾವ್ರಿ. ಕೆಮ್ಮು ನಿಂತಮ್ಯಾಲೆ ಮತ್ತ ಸುಲೀತಾಳ.” ಇದನ್ನು ಎಲ್ಲರೂ ಬರೆದುಕೊಂಡರು. ನಾಟಕದ ಆಶಯ ಏನು ಎಂದು ನಾನು ಕೇಳಿದಾಗ, ಗೈಡಿನ ‘ಕಲೆ ಮತ್ತು ಬದುಕಿನ ಸಂಘರ್ಷ’ವನ್ನು ಬಿಟ್ಟು ನೀಲಾ ಎಂದಳು: “ಕೇಳಿದ್ದಕ್ಕ ಜವಾಬು ಕೊಡಬೇಕು. ಅಷ್ಟ ಅಲ್ರಿ?” ನಾನು ಅದನ್ನು ಬೋರ್ಡಿನ ಮೇಲೆ ಬರೆಯಲು ಹೋಗಿ, ಕೈ ತಡೆದೆ. ನಾನು ಬರೆದರೆ ನಲವತ್ತೆರಡು ಜನ ಅದನ್ನೇ ನಕಲು ಮಾಡುತ್ತಾರೆ. “ನಿಮ್ಮ ನಿಮ್ಮ ಮಾತಿನಲ್ಲಿ ಬರೆಯಿರಿ,” ಎಂದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ ಆ ಮಾತು ಆಡಿದ್ದು.

ಪರೀಕ್ಷೆಯ ದಿನ ನಮ್ಮ ವಿಷಯಕ್ಕೆ ನಾವು ಕಾವಲು ನಿಲ್ಲುವಂತಿಲ್ಲ, ಕಿಟಕಿಯ ಹೊರಗೆ ಬೇವಿನ ಮರದಡಿ ನಿಂತಿದ್ದೆ. ಗೈಡಿನ ಉತ್ತರಕ್ಕೆ ಒಂದೂವರೆ ಪುಟ ಸಾಕು. ಅವತ್ತು ಒಬ್ಬೊಬ್ಬರೇ ಎದ್ದು ಹೆಚ್ಚಿನ ಹಾಳೆ ಕೇಳಿದರು. ಹನ್ನೆರಡಕ್ಕೆ ಹಾಳೆ ಮುಗಿದು ಹೆಡ್‌ಮಾಸ್ತರರು ಪಕ್ಕದ ಶಾಲೆಗೆ ಓಡಿದರು. ಅಷ್ಟೂ ಮಂದಿ ಮಗಳ ಬಗ್ಗೆ ಬರೆಯುತ್ತಿದ್ದಾರೆ ಎಂದು ಹಿಗ್ಗಿದೆ, ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಅಂದರೆ ಫಕೀರಪ್ಪನ ಬಗ್ಗೆ ಯಾರೂ ಇಲ್ಲ. ಒಬ್ಬ ಮುದುಕನನ್ನು ಅವನೇ ಕೇಳಿದನೆಂದು ಅಳಿಸಿಹಾಕಲು ನಾನು ಯಾರು? ಒಳಗೆ ನುಗ್ಗಿ ನಾಲ್ಕು ಮಂದಿಯಾದರೂ ಅಪ್ಪನ ಬಗ್ಗೆ ಬರೆಯಿರೋ ಎಂದು ಕೂಗಬೇಕೆನಿಸಿತು. ಗಂಟೆ ಹೊಡೆಯಿತು.

ಫಲಿತಾಂಶದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪೇಪರು ತಿದ್ದುವವರು ದೂರದೂರಿನವರು, ಅವರ ಕೈಯಲ್ಲಿದ್ದ ಮಾದರಿ ಉತ್ತರದಲ್ಲಿ ‘ಕೃತಘ್ನೆ’ ಎಂದೇ ಇತ್ತು, ಅದೂ ನನ್ನ ಗೈಡಿನಿಂದ ಇಳಿಸಿಕೊಂಡದ್ದು. ಆ ಒಂದು ಉತ್ತರಕ್ಕೇ ಹೊತ್ತೆಲ್ಲ ಹೋಗಿ ಬೇರೆ ಪ್ರಶ್ನೆಗಳೂ ಉಳಿದುಹೋಗಿದ್ದವು, ನಲವತ್ತೆರಡರಲ್ಲಿ ಹದಿನೇಳು ಪಾಸು. ನೀಲಾ ಸರಿಯಾಗಿ ಮೂವತ್ತೈದು ತೆಗೆದು ದಡ ಸೇರಿದಳು. ಹೆಡ್‌ಮಾಸ್ತರರು ಇವತ್ತಿಗೂ ನನ್ನ ನಮಸ್ಕಾರ ತೆಗೆದುಕೊಳ್ಳುವುದಿಲ್ಲ. ಫೇಲಾದವರ ಮನೆಗಳಿಗೆ ಒಂದೊಂದಾಗಿ ಹೋಗಿ ತಪ್ಪು ನನ್ನದೆಂದು ಹೇಳಿ ಬಂದೆ, ಮರುಪರೀಕ್ಷೆಗೆ ನನ್ನ ಕಟ್ಟೆಯ ಮೇಲೇ ಪಾಠ ನಡೆಯಿತು. ಈಗ ತಪ್ಪು ಒಪ್ಪಿಕೊಳ್ಳುವ ಕೆಲಸ ನನಗೆ ಕಷ್ಟವಾಗುವುದಿಲ್ಲ.

ಆದರೆ ಹೇಳಬೇಕಾದದ್ದು ಪರೀಕ್ಷೆಯ ಮರುದಿನ ಬೆಳಗಿನದು. ಓಣಿಯವರೆಲ್ಲ ಹಲ್ಲುಜ್ಜುವ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದರು. ಮೊದಲು ತೆರೆದದ್ದು ಎದುರಿನ ಬಾಗಿಲು. ಕಸ್ತೂರಿ ಹೊರಗೆ ಬಂದಳು. ಮೈಕೈ ತುಂಬಿಕೊಂಡು, ಗಟ್ಟಿಯಾಗಿ. ಅವಳ ನೆರಳು ಕಟ್ಟೆ ಇಳಿದು ಓಣಿಯ ನಡುವಿನವರೆಗೂ ಬಿದ್ದಿತ್ತು. ನಲವತ್ತೆರಡು ಮಕ್ಕಳು ನಲವತ್ತೆರಡು ಬಗೆಯಲ್ಲಿ ಬರೆದಿದ್ದರಿಂದ ಮಾತಿಗೆ ಬರವೇ ಇಲ್ಲ. ಮೊದಲ ಮಾತು ಬಿದ್ದದ್ದು ಬುಟ್ಟಿ ಹೊತ್ತು ಬಂದ ದ್ಯಾಮವ್ವನ ಮೇಲೆ. “ಏನವಾ ದ್ಯಾಮವ್ವ, ಹನ್ನೊಂದು ವರ್ಷ ಹುಳುಕು ಬದನಿಕಾಯಿ ಹಾಕೀದಿ! ಬಾಯಿ ಇಲ್ಲದಾಕಿ ಅಂತ ಅಲ್ಲ?” ದ್ಯಾಮವ್ವನಿಗೆ ಮೊದಲು ಕಣ್ಣೀರು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಇಬ್ಬರೂ ಕೂಡಿ ಜಗಳವಾಡಿದರು. ಹಬ್ಬದ ಹಾಗಿತ್ತು.

ನನಗೆ ಮಾತ್ರ ಮಗ್ಗುಲ ಖೋಲಿಯ ಕಡೆ ನೋಡಲು ಧೈರ್ಯವಿರಲಿಲ್ಲ. ಅಲ್ಲಿ ಬರೀ ಕೆಂಪು ಕೋಟು ನೇತಾಡುತ್ತಿದ್ದರೆ? ಆಗ ಚಿಲಕ ತೆಗೆದ ಸದ್ದಾಯಿತು. ಬನಿಯನ್ ತೊಟ್ಟು ಧೋತರ ಉಟ್ಟ ಒಬ್ಬ ಸಾದಾ ಮನುಷ್ಯ ಹೊರಬಂದ. ಮೀಸೆ ತಿರುವಿರಲಿಲ್ಲ, ಎದೆ ಸೆಟೆದಿರಲಿಲ್ಲ. ಮಗಳ ಬಗ್ಗೆ ಬರೆಯುವಾಗ ಅಪ್ಪನನ್ನು ಬಿಟ್ಟು ಬರೆಯಲು ಆ ನಲವತ್ತೆರಡರಲ್ಲಿ ಒಂದು ಮಗುವಿಗೂ ಆಗಿರಲಿಲ್ಲ. ಕೆಮ್ಮುವ ಅಪ್ಪ, ಔಷಧ ಬೇಕಾದ ಅಪ್ಪ, ಉಂಡನೋ ಇಲ್ಲವೋ ತಿಳಿಯದ ಅಪ್ಪ, ಇಷ್ಟು ಬರೆದಿದ್ದರು. ಅವನಿಗೆ ಊದಲು ಬರುತ್ತದೆ ಎಂದು ಬರೆಯಲು ಯಾರಿಗೂ ನೆನಪಾಗಿರಲಿಲ್ಲ.

ಹಜಾಮ ಈರಪ್ಪ ಮೆಲ್ಲಗೆ ಬಂದು, ನೋಡೋಣವೆಂದು, ಅವನ ತಲೆಯನ್ನು ಬೆರಳಿನಿಂದ ಮುಂದಕ್ಕೆ ಒತ್ತಿದ. ತಲೆ ಬಗ್ಗಿತು. ಈರಪ್ಪ ಆಕಾಶಕ್ಕೆ ಕೈ ಮುಗಿದ.

ಫಕೀರಪ್ಪನ ಕೈಯಲ್ಲಿ ಕ್ಲಾರಿನೆಟ್ ಇತ್ತು, ಲಟ್ಟಣಿಗೆ ಹಿಡಿದಂತೆ ಹಿಡಿದಿದ್ದ. ನನ್ನ ಹತ್ತಿರ ಬಂದು, ಬೀಸುಕಲ್ಲಿನ ಕಡೆಗಲ್ಲ, ನನ್ನ ಮುಖ ನೋಡಿಯೇ ಕೇಳಿದ: “ಅಕ್ಕೋರ, ನನ್ನ ಖೋಲ್ಯಾಗ ಇದೊಂದು ಸಾಮಾನು ಐತಿ. ಯಾರದ್ರಿ ಇದು?”

ಸುಳ್ಳು ಹೇಳಬಹುದಿತ್ತು. ಸುಮ್ಮನಿರಬಹುದಿತ್ತು. ಆದರೆ ಕೇಳಿದ್ದಕ್ಕೆ ಜವಾಬು ಕೊಡಬೇಕು. “ನಿಮ್ಮದೇ ಇತ್ತು, ಫಕೀರಪ್ಪನವರೇ,” ಎಂದೆ. “ಬಹಳ ಚಂದ ಊದುತ್ತಿದ್ದಿರಿ.”

ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. “ಹೌದ್ರೇನು,” ಎಂದು ನನ್ನ ಕೈಗಿಟ್ಟ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಓಣಿಯಾಚೆ ಜಗಳ ನಿಂತಿತ್ತು. ಕಸ್ತೂರಿ ಕಟ್ಟೆಯ ಅಂಚಿಗೆ ಬಂದು ಅಪ್ಪನನ್ನು ನೋಡುತ್ತಿದ್ದಳು. ಬೆಳಗಿನಿಂದ ಅಷ್ಟು ಮಾತಾಡಿದವಳ ಬಾಯಿಂದ ಕೊನೆಗೆ ಬಂದದ್ದು ಆ ಹಳೆಯ ಮಾತೇ.

“ಅಪ್ಪಾ, ಊಟ ಆತೇನು?”

ಹಲ್ಲುಜ್ಜುವವರ ಕೈಗಳು ನಿಂತವು. ಫಕೀರಪ್ಪ ತಿರುಗಿದ. ಧೋತರದ ಚುಂಗನ್ನು ಎತ್ತಿ ಹಿಡಿದುಕೊಂಡ.

“ಇನ್ನೂ ಇಲ್ಲವ್ವಾ,” ಎಂದ. “ಏನ್ ಮಾಡೀದಿ?”